ಎರಡು ಟಾಕಿಯ ಬೂದ್ಯಾ

"ಮಾವಶಿ, ಡಿಝೆಲ್ ಕಾ?" ಅಂತಾನ
ದುಧನಿ ಪಂಪಿನ ಹೊಸ ಹುಡುಗ.
ಟ್ರ್ಯಾಕ್ಟರ್ ಅಂದಮ್ಯಾಗ ಡೀಜಲ್ಲೇ ಅಂತ ಎಲ್ಲಾರೂ ತಿಳದಾರ.
ಅಲ್ಲೋ ತಮ್ಮಾ, ಇದಕ್ಕ ಪ್ಲಗ್ ಅದ, ಕಿಡಿ ಅದ,
ಕಾರ್ಬೊರೇಟರಿನೊಳಗ ಹಿತ್ತಾಳಿ ಬುಂಡಿ ತೇಲತದ.
ಒಮ್ಮೆ ನನ್ನ ಮೈದುನ ಡೀಜಲ್ ಸುರವಿದ್ದ,
ಮೂರು ದಿನ ಬರೇ ಹೊಗಿ ನೋಡಿದ್ವಿ.
ಅವನಿಗೆ ಇದನ್ನ ಮರಾಠಿಯೊಳಗ ಹೇಳಿ
ರೊಕ್ಕ ಮಾತ್ರ ಕನ್ನಡದೊಳಗ ಎಣಸಿದೆ.

ಮಾವ ಗುರಪಾದಪ್ಪ ಇದ್ದಾಗ ಇಷ್ಟು ಜಂಜಾಟ ಇರಲಿಲ್ಲ.
ಸಣ್ಣ ಟಾಕಿಯೊಳಗ ಪೆಟ್ರೋಲ್,
ದೊಡ್ಡದ್ರೊಳಗ ಚಿಮಣಿ ಎಣ್ಣಿ.
ಪೆಟ್ರೋಲಿಗೆ ಹೊಡದು ಎಬ್ಬಸೂದು,
ಮೈ ಕಾಯೂತನಕ ಒಂದು ಎಲಿ ಮಡಚಿ ಹಾಕ್ಕೊಂಡು ನಿಂದರೂದು,
ಆಮ್ಯಾಗ ನಳ ತಿರುವೂದು.
ಅವಸರ ಮಾಡಿದ್ರ ಕೆಮ್ಮತಿತ್ತು ಬೂದ್ಯಾ.
ಉರೀದ ಎಣ್ಣಿ ಕೆಳಗಿಳದು
ಆಯಿಲ್ ನೀರಾಗತಿತ್ತು.
ನಾನೂ ಹಂಗ ಬೆಳದಾಕಿ:
ಸಾಲ್ಯಾಗ ಮರಾಠಿಗೆ ಸ್ಟಾರ್ಟ್ ಆಗಿ
ಮನಿ ಹೊಸ್ತಲ ದಾಟಿ, ಮೈ ಕಾದಮ್ಯಾಗ
ಕನ್ನಡಕ್ಕ ತಿರುಗಾಕಿ.

ರೇಶನ್ ಅಂಗಡ್ಯಾಗ ಎಣ್ಣಿ ನಿಂತು ವರ್ಷಾದವು.
ದೊಡ್ಡ ಟಾಕಿ ಬಡದ್ರ ಈಗ ತಮಟಿ.

ಈ ಸಲ ಕಬ್ಬಿನ ಹೊಲದ ನಟ್ಟನಡುವ ನಿಂತೇಬಿಡ್ತು.
ಲಾಡ್ಲೇಸಾಬ ಬಂದು ಗಾಜಿನ ಬಟ್ಟಲ ಬಿಚ್ಚಿದ.
ತಳಕ್ಕ ನೀರಿನ ಗುಳ್ಳಿ, ಹಸರ ಕಿಲುಬು.
ರಬ್ಬರ್ ಪೈಪು ನೆನಸಿದ ಸಂಡಿಗ್ಯಾಗಿತ್ತು,
ಬೂಚಿನ ವಾಶರ್ ಉಬ್ಬಿ ಕೂಸಿನ ಗಲ್ಲ.
ಮೂಸಿ ನೋಡಿ ನಕ್ಕ:
"ಸುಗಲಾಬಾಯಿ, ನಿನ್ನ ಕಬ್ಬೇ ಇದು.
ಫ್ಯಾಕ್ಟರಿಗೆ ಹೋಗಿ, ಸ್ಪಿರಿಟ್ ಆಗಿ,
ಪೆಟ್ರೋಲಿನ ಕೂಡ ವಾಪಸ್ ಬಂದದ."
ತಾನು ಉತ್ತ ಹೊಲದ್ದೇ
ಪಚನ ಆಗವಲ್ದು ಪಾಪ ಇದಕ್ಕ.

ಹೇಳಾವ್ರಿಗೇನು ಕಡಿಮಿ.
ಒಬ್ಬ ಥಿನ್ನರ್ ಅಂದ, ಒಬ್ಬ ಟು-ಸ್ಟ್ರೋಕ್ ಆಯಿಲ್ ಅಂದ.
ಅಣ್ಣನ ಮಗ ಸೊಲ್ಲಾಪುರದಿಂದ
ನೂರು ನಂಬರಿನದು ತರತೀನಿ ಅಂದ, ಲೀಟರಿಗೆ ಹಾಲಿನ ಮೂರು ಪಟ್ಟು ರೇಟು.
"ತುಟ್ಟಿದು ಅಂದಕೂಡಲೆ ಚಲೋದಲ್ಲ," ಅಂದ ಲಾಡ್ಲೇಸಾಬ.
"ಹಲ್ಲಿಲ್ಲದ ಮುದುಕಿಗೆ
ಪೈಲವಾನನ ಖುರಾಕು ಯಾಕ ಬೇಕು?
ನಂಬರ್ ಬ್ಯಾಡ. ಸ್ಪಿರಿಟ್ ಇರಬಾರದು, ಅಷ್ಟೇ."

ಬೀಡಿ ಆರಿಸಿ, ಬೇವಿನ ನೆರಳಿಗೆ
ಸಲೈನಿನ ಗಾಜಿನ ಬಾಟ್ಲಿ ತಂದ.
ನಾಕು ಬಟ್ಟು ನೀರು,
ಅಲ್ಲಿಗೆ ಕೆಂಪು ದಾರ ಕಟ್ಟಿದ.
ಮ್ಯಾಲ ಹತ್ತು ಬಟ್ಟು ಪೆಟ್ರೋಲ್.
ಅಲ್ಲಾಡಿಸಿದ. ಇಟ್ಟ.
ಇಬ್ಬರೂ ಕುಂತು ನೋಡಿದ್ವಿ.
ಮೊದಲು ಮಜ್ಜಿಗಿ. ಆಮ್ಯಾಗ ತಿಳಿ.
ಗೆರಿ ಎರಡು ಬಟ್ಟು ಏರಿತ್ತು.
ನೀರು ತನ್ನ ಸಂಬಂಧಿಕರನ್ನ ಎಳಕೊಂಡಿತ್ತು.

ಮಾವ ಹೇಳತಿದ್ದ, ಅವರ ಕಾಲಕ್ಕೂ ಹಿಂಗೇ:
ಕಟ್ಟಿ ಮ್ಯಾಲ ಕುಂತವರು ಕುಂತೇ ಇದ್ರು,
ಗೆರಿ ಸರಕೊಂಡು ಹ್ವಾತು.
ಮರುದಿನ ಬಸ್ಸಿನ ಬೋರ್ಡ್ ನೋಡಿ ತಿಳೀತು.

ಮ್ಯಾಲಿನದನ್ನ ಸೋಸಿ, ಪೈಪು ಬದಲಿಸಿ ಹಾಕಿದ್ವಿ.
ಬೂದ್ಯಾ ಮೊದಲನೇ ಒದಿಗೇ ಎದ್ದ.
ಖರೆ ಹೇಳತೀನಿ, ಇದು ದಿನಾ ಆಗೂ ಕೆಲಸಲ್ಲ.
ಹತ್ತಕ್ಕ ಎರಡು ಹೋಗತದ, ಅರ್ಧ ದಿನ ಹೋಗತದ.
ಕೆಳಗುಳದ ನೀರನ್ನ
ಮೈದುನನ ಮೂಗಿಗೆ ಹತ್ತದಂಗ
ದೂರ ಬಂಜರಕ್ಕ ಚೆಲ್ಲಬೇಕು.
ಇಲ್ಲಾ, ಅಂದಂದಿಂದು ಅಂದೇ ತಂದು, ಅಂದೇ ಉರಸಬೇಕು.
ರಾತ್ರಿ ಹೊಟ್ಟಿಯೊಳಗ ಉಳಸಬಾರದು.

ನಾ ಈಗ ಅದನ್ನ ಮಾಡತೀನಿ.
ಹೊತ್ತು ಮುಳುಗಿದ್ಮ್ಯಾಗ
ನಳ ಮುಚ್ಚಿ, ಇಂಜಿನ್ ಚಾಲೂ ಬಿಟ್ಟು ನಿಂದರತೀನಿ,
ಒಳಗಿದ್ದಷ್ಟು ಕುಡದು ತಾನೇ ನಿಂದರಲಿ ಅಂತ.
ದಿನಾ ಒಂದೆರಡು ನಿಮಿಷ.
ನಿನ್ನಿ ನಿಂದರಲೇ ಇಲ್ಲ.
ತೊಗರಿ ಸಾಲಿನ ಮ್ಯಾಲ ಹೊಗಿ,
ಬೋರಿ ಹೊಳಿ ಕಡಿಂದ ಗಾಳಿ,
ಗುಡುಗುಡು ಅಂತನೇ ಇತ್ತು.
ಸಾಕೋ ಅಂದೆ.
ಬಸ್ ಕರ್ ಅಂದೆ.
ನಿಂತಿತು.
ಯಾವ ಮಾತಿಗೆ ನಿಂತಿತೋ.